ಪುಯೆಬ್ಲಾ ನಗರದ ಬಣ್ಣದ ತಟ್ಟೆಗಳು

ಮೆಕ್ಸಿಕೋ ದೇಶದ ಪುಯೆಬ್ಲಾ ನಗರವನ್ನು ಹೊಕ್ಕೊಡನೆಯೇ ನಮ್ಮ ಕಣ್ಣನ್ನು ಸೆಳೆದುವು ಅಲ್ಲಿಯ ಗೋಡೆಗಳು. ಇಗರ್ಜಿಯ ಗುಮ್ಮಟಗಳ ಮೇಲೆ, ಮನೆಗಳ ಮೊಗದ ಮೇಲೆ, ಎಲ್ಲೆಲ್ಲಿಯೂ ನೀಲಿ ಹಳದಿಯ ಬಿಲ್ಲೆಗಳು! ಸಾಂತಾ ರೋಸಾ ಮಠದ ಹಳೆಯ ಪಾಕಶಾಲೆಯಲ್ಲಂತೂ ಗೋಡೆಗಳಷ್ಟೇ ಅಲ್ಲ, ಚಾವಣಿಯೂ ಬಿಲ್ಲೆಮಯ.

ಈ ಊರನ್ನು ಸ್ಪೇನಿನವರು 1531ರಲ್ಲಿ ಕಟ್ಟಿದರು. ಅವರ ಕುಂಬಾರರು ತಮ್ಮ ವಿದ್ಯೆಯನ್ನೂ ಜೊತೆಗೆ ತಂದರು. ಸೀಸದ ಮೆರುಗಿಗೆ ತವರದ ಭಸ್ಮವನ್ನು ಕೂಡಿಸಿದರೆ ಮಣ್ಣಿನ ಬಣ್ಣ ಮರೆಯಾಗಿ ಹಾಲಿನ ಬಿಳುಪು ಬರುವುದು. ಅದರ ಮೇಲೆ ಚಿತ್ರ. ಸ್ಪೇನಿನ ತಲಾವೇರಾ ಪಟ್ಟಣದ ಹೆಸರೇ ಈ ಪಾತ್ರೆಗಳಿಗೂ ನಿಂತಿತು. ಮನಿಲಾದಿಂದ ಅಕಪುಲ್ಕೋ ರೇವಿಗೆ ಬರುತ್ತಿದ್ದ ಚೀನೀ ಪಿಂಗಾಣಿಯನ್ನು ಕಂಡು ಇಲ್ಲಿಯವರೂ ಬಿಳಿಯ ಮೇಲೆ ನೀಲಿಯನ್ನು ಬರೆಯತೊಡಗಿದರು. 1653ರ ಸುಮಾರಿಗೆ ಕುಂಬಾರರ ಸಂಘವು ಕಟ್ಟಳೆಗಳನ್ನು ಮಾಡಿ, ಪ್ರತಿಯೊಬ್ಬ ಗುರುವೂ ತನ್ನ ಗುರುತನ್ನು ಹಾಕಬೇಕೆಂದು ವಿಧಿಸಿತು.

ಸಂತೆಯಲ್ಲಿ ಒಬ್ಬ ವ್ಯಾಪಾರಿಯು ಎರಡು ತಟ್ಟೆಗಳನ್ನು ಮುಂದಿಟ್ಟು, ಎರಡೂ ಇನ್ನೂರು ವರ್ಷದವೆಂದನು. ಒಂದು ಕನ್ನಡಿಯಂತೆ ನುಣುಪು. ಇನ್ನೊಂದರ ಅಂಚು ಮುಕ್ಕಾಗಿತ್ತು. ನಾವು ಮೊದಲನೆಯದಕ್ಕೆ ಹಣ ತೆಗೆಯುವಷ್ಟರಲ್ಲಿ ನಮ್ಮ ಮನೆಯವರು ಎರಡರ ಮೇಲೂ ಬೆರಳಾಡಿಸಿ, "ಇದರ ಹೂವು ಕೈಗೆ ಸಿಕ್ಕುವುದೇ ಇಲ್ಲವಲ್ಲ!" ಎಂದರು. ನಿಜ. ಕೈಯಿಂದ ಬರೆದ ನೀಲಿ ತುಸು ಉಬ್ಬಿರುವುದು. ಅಚ್ಚಿನ ಚಿತ್ರ ಉಬ್ಬದು. ಮುಕ್ಕಾದ ತಟ್ಟೆಯಲ್ಲಿ ಉಬ್ಬಿತ್ತು, ಬಿಳುಪು ಕೆನೆಯಂತಿತ್ತು, ಒಡೆದ ಕಡೆ ಕಂದು ಮಣ್ಣು ಕಾಣುತ್ತಿತ್ತು. ಪಿಂಗಾಣಿಯಾದರೆ ಒಳಗೂ ಬಿಳಿಯೇ. ಆವಿಗೆಯಲ್ಲಿ ತಟ್ಟೆಗಳ ನಡುವೆ ಇಡುವ ಮುಕ್ಕಾಲಿಯ ಮೂರು ಚುಕ್ಕೆಗಳೂ ಇದ್ದುವು. ಇವುಗಳಿಂದ ವಯಸ್ಸು ತಿಳಿಯದು, ಕೆಲಸದ ಬಗೆ ಮಾತ್ರ ತಿಳಿಯುವುದು. ಈಗಲೂ ಇಲ್ಲಿ ಕೈಕೆಲಸ ನಡೆದಿದೆ. 2019ರಲ್ಲಿ ಯುನೆಸ್ಕೋ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಮುಕ್ಕಾದುದನ್ನೇ ಕೊಂಡೆವು. ಹುಣಿಸೆಯ ಗೊಜ್ಜು ಬಡಿಸಲು ಚೆನ್ನೆಂದು ಮನೆಯವರ ಆಸೆ. ಅದಕ್ಕೆ ಮಾತ್ರ ನಾವು ಒಪ್ಪಲಿಲ್ಲ. ಹಳೆಯ ಸೀಸದ ಮೆರುಗು ಹುಳಿಗೆ ಕರಗಿ ಅನ್ನದಲ್ಲಿ ಬೆರೆಯಬಹುದು. ಆ ವಿಷವು ಮಕ್ಕಳಿಗೆ ಅತಿ ಕೇಡು. ಇಂಥ ತಟ್ಟೆ ವಾಚಕರ ಕೈಸೇರಿದರೆ ಗೋಡೆಗೇ ಇರಲಿ.

ನಮ್ಮದೂ ಗೋಡೆಯ ಮೇಲಿದೆ. ಬಂದವರೆಲ್ಲರೂ ಮುಕ್ಕನ್ನು ಕಂಡು ಮರುಗುತ್ತಾರೆ. ನಾವು ಅದನ್ನೇ ಮೊದಲು ತೋರಿಸುತ್ತೇವೆ.