ಯಾವ ಇಳಿಜಾರಿಗೆ ಹೊಸ ಹೆಂಚು?

ನಮ್ಮ ಸೀಮೆಯ ಮಳೆಗೆ ಪಕ್ಷಪಾತ ಜಾಸ್ತಿ. ಆಲೂರಿನಲ್ಲಿ ತುಂತುರಾಗಿದ್ದದ್ದು ಬಾಳ್ಳುಪೇಟೆ ಬರುವಷ್ಟರಲ್ಲಿ ಕೊಡೆ ಬಿಚ್ಚಿಸುತ್ತದೆ. ಸಕಲೇಶಪುರ ಕಳೆದು ಹಾನುಬಾಳಿನ ಕಡೆ ತಿರುಗಿದರೆ ಕೊಡೆಯನ್ನೇ ಕಿತ್ತುಕೊಳ್ಳುತ್ತದೆ. ಒಂದೇ ಮನೆಯ ಮೇಲೂ ಅದು ಹೀಗೆಯೇ ಭೇದ ಮಾಡುತ್ತದೆ. ಆರಿದ್ರೆಯಿಂದ ಆಶ್ಲೇಷದವರೆಗೆ ಪಡುವಣ ಇಳಿಜಾರು ಗಾಳಿಮಳೆಗೆ ಎದೆಗೊಟ್ಟು ನಿಂತರೆ, ಮೂಡಣದ್ದು ಅದರ ಮರೆಯಲ್ಲಿ ತನ್ನ ವಯಸ್ಸನ್ನೇ ಮರೆತಿರುತ್ತದೆ. ನಮ್ಮ ಮನೆಯ ಪಡುವಣದ ರೀಪಿಗೆ ಗೆದ್ದಲು ಹಿಡಿದಿತ್ತು. ಹೆಂಚು ಪಾಚಿಗಟ್ಟಿತ್ತು, ಉಳಿದದ್ದನ್ನು ಮಂಗಗಳು ನೋಡಿಕೊಂಡಿದ್ದವು. ಅಟ್ಟದ ಮೇಲಿದ್ದ ಹಂಡೆ, ಕೊಳಗಗಳೆಲ್ಲ ಸೋರುವ ಜಾಗಕ್ಕೆ ವರ್ಗವಾಗಿದ್ದವು. ಅರ್ಧ ಸೂರನ್ನಷ್ಟೇ ಬದಲಿಸುವುದೋ, ಪೂರ್ತಿಯೋ ಎಂಬ ಮಾತು ಶುರುವಾದದ್ದು ಹೀಗೆ.

ಆ ಹೆಂಚುಗಳಿಗೆ ಮರ್ಯಾದೆಯ ಇತಿಹಾಸವಿತ್ತು. ಬೆನ್ನ ಮೇಲೆ ಬಾಸೆಲ್ ಮಿಷನ್ನಿನ ಹೆಸರು, ಕೆಳಗೆ 1865. ನಮ್ಮ ಮನೆ ಕಟ್ಟಿದ ಇಸವಿ ಅದೇ ಎಂದು ಅಪ್ಪ ಬಂದ ನೆಂಟರಿಗೆಲ್ಲ ಒಡೆದ ಹೆಂಚೊಂದನ್ನು ಮಗುಚಿ ತೋರಿಸುತ್ತಿದ್ದ. ನಿಜವಾಗಿ ಅದು ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಹೆಂಚಿನ ಕಾರ್ಖಾನೆ ಆರಂಭಿಸಿದ ವರ್ಷ. ಆಮೇಲೆ ಎಷ್ಟು ವರ್ಷ ಹೆಂಚು ಸುಟ್ಟರೂ ಅಚ್ಚಿನಲ್ಲಿ ಅದೇ ಇಸವಿ. ನೆಂಟರಲ್ಲಿ ಇದು ಗೊತ್ತಿದ್ದವರೂ ಇದ್ದರು. ಯಾರೂ ಬಾಯಿಬಿಡಲಿಲ್ಲ, ನಮ್ಮನೆಯ ಕಾಫಿ ಚೆನ್ನಾಗಿರುತ್ತಿತ್ತು.

ಮೇಸ್ತ್ರಿ ಮಾಡು ಹತ್ತಿ ಕೂತು, ಒಂದು ಹಳೆಯ ಹೆಂಚಿನ ಪಕ್ಕಕ್ಕೆ ಹೊಸದೊಂದನ್ನು ಇಟ್ಟು ಅಂಗೈಯಿಂದ ಮೆಲ್ಲಗೆ ಒತ್ತಿದ. ಅದು ಕೂರಲಿಲ್ಲ. ತಿರುಗಿಸಿದ, ಎತ್ತಿದ, ಮತ್ತೆ ಒತ್ತಿದ. ಬೆರಳು ತೂರುವಷ್ಟಲ್ಲದಿದ್ದರೂ ಗಾಳಿಮಳೆ ತೂರುವಷ್ಟು ಸಂದಿ.

“ಕಚ್ಚು ಕೂರಕಿಲ್ಲ ಕಣ್ರವ್ವಾ. ಒಂದೊಂದ್ ಕಾರ್ಖಾನೇದು ಒಂದೊಂದ್ ಅಚ್ಚು. ಹಳೇದ್ರ ನಡುವೆ ಹೊಸದು ಸೇರ್ಸಿದ್ರೆ ಇನ್ನೂ ಸೋರ್ತದೆ.”

ಅವನ ಪ್ರಕಾರ ದಾರಿ ಒಂದೇ. ಎರಡೂ ಕಡೆಯ ಹೆಂಚು ಇಳಿಸಿ, ಗಟ್ಟಿಯಾದ ಹಳೆಯವನ್ನು ಆಯ್ದು ಒಂದು ಇಳಿಜಾರಿಗೆ ಹೊದಿಸುವುದು, ಇನ್ನೊಂದಕ್ಕೆ ಪೂರಾ ಹೊಸದು. ಅಂದರೆ ಅರ್ಧ ಉಳಿಸಿಕೊಳ್ಳಲು ಇಡೀ ಮನೆ ಬಿಚ್ಚಬೇಕು. ಚದರ ಮೀಟರಿಗೆ 15–16 ಹೆಂಚು, ಕೈಯಿಂದ ಕೈಗೆ.

ಹೊಸದು ಯಾವ ಕಡೆಗೆ? ಮಳೆ ಹೊಡೆಯುವ ಪಡುವಣಕ್ಕೆ ಎಂದ ಮೇಸ್ತ್ರಿ. ರಸ್ತೆಗೆ ಕಾಣುವುದು ಮೂಡಣ, ದುಡ್ಡು ಹಾಕಿದ ಮೇಲೆ ನಾಲ್ಕು ಜನ ನೋಡಬೇಡವೇ ಎಂದಳು ಅವ್ವ. ಬೆಂಗಳೂರಿನಿಂದ ತಮ್ಮ ಫೋನಿನಲ್ಲೇ ಇತ್ಯರ್ಥ ಮಾಡಿದ: ಪಡುವಣದ ಕೋಣೆಗಳಲ್ಲಿ ಯಾರಿದ್ದಾರೆ? ಅಡುಗೆಮನೆ, ನಡುಮನೆ ಗಟ್ಟಿ ಮಾಡಿ, ಉಳಿದದ್ದಕ್ಕೆ ಶೀಟು ಹೊಡೆಸಿ.

“ಶೀಟಿನ ಮೇಲೆ ಮಳೆ ಬಿದ್ರೆ ಒಬ್ರ ಮಾತು ಒಬ್ರಿಗೆ ಕೇಳ್ತದೇನೋ?” ಎಂದಳು ಅವ್ವ.

ಮಳೆಗಾಲದಲ್ಲಿ ಅವಳು ಮಾತಾಡುವುದು ಯಾರ ಜೊತೆ ಎಂದು ಅವನು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ನಾವು ಊರಿಗೆ ಹೋಗುವುದು ದೀಪಾವಳಿಗೆ. ಅಷ್ಟರಲ್ಲಿ ಮಳೆ ಹಿಂದೆ ಸರಿದಿರುತ್ತದೆ, ಮಾಡಿನ ತೂತಿನಿಂದ ಬಿಸಿಲು ಬಿದ್ದು ಹಾಸಿಗೆಯ ಮೇಲೆ ಚಂದ ಕಾಣುತ್ತದೆ. ನಮ್ಮ ಕೋಣೆಗಳು ಸೋರುವುದನ್ನು ನಾವು ನೋಡಿಯೇ ಇಲ್ಲ. ಅದನ್ನು ನೋಡಿರುವವಳು, ರಾತ್ರಿ ಎದ್ದು ಹಂಡೆ ಬರಿದು ಮಾಡಿ ಮತ್ತೆ ಅದೇ ಜಾಗಕ್ಕೆ ಇಡುವವಳು ಅವ್ವ ಒಬ್ಬಳೇ. ಹಾಸಿಗೆಗಳನ್ನು ಮಾತ್ರ ಯಾಕೋ ಅಲ್ಲಿಂದ ಎತ್ತಿಸಿರಲಿಲ್ಲ.

ಕೊನೆಗೆ ಮೇಸ್ತ್ರಿಯೇ ಗೆದ್ದ. ಜಗಲಿಯ ಮಾಡು ಬೇರೆಯೇ ಆದ್ದರಿಂದ ಅದಕ್ಕೂ ಹೊಸ ಹೆಂಚು ಹಾಕಿ, ರಸ್ತೆಯ ನಾಲ್ಕು ಜನಕ್ಕೆ ಅನ್ಯಾಯವಾಗದಂತೆ ನೋಡಿಕೊಂಡ. ಪಕಾಸಿಗೆ ತೋಟದ ಸಿಲ್ವರ್ ಮರವೇ ಆಗುತ್ತದೆ ಎಂದ. ಸಾಮಾನಿನ ಪಟ್ಟಿ ಬರೆಯುವಾಗ ಅವ್ವ ಮೆಲ್ಲಗೆ, “ಚಿಕ್ಕೋನ್ ಕೋಣೆಗೆ ಒಂದು ಗಾಜಿನ ಹೆಂಚು ಬರ್ಕೋ ಮೇಸ್ತ್ರಿ, ಕತ್ಲೆ ಅಂದ್ರೆ ಹೆದರ್ತಾನೆ” ಅಂದಳು.

ಚಿಕ್ಕೋನಿಗೆ ಐವತ್ತು ದಾಟಿದೆ, ಬ್ಯಾಂಕಿನಲ್ಲಿ ಮ್ಯಾನೇಜರು. ಮೇಸ್ತ್ರಿ ನನ್ನ ಮುಖ ನೋಡಿ, ಗಾಜಿನ ಹೆಂಚು ಒಂದು ಎಂದು ಬರೆದುಕೊಂಡ.

“ಎರಡು ಬರಿ,” ಅಂದಳು ಅವ್ವ, “ಮಂಗ ಒಡೆದ್ರೆ?”