ಕರಿ ಕಂಬಳಿ ಮುಂದೆ ದಾಳಿಂಬೆ ಹೂವು

ನನ್ನ ಹೂವಿನ ಫೋಟೋ ನೋಡಿ ಸುಮಾರು ಜನ ಕೇಳ್ತಾ ಇದ್ದೀರಿ, ಯಾವ ಕ್ಯಾಮೆರಾ, ಯಾವ ಸ್ಟುಡಿಯೋ ಅಂತ. ಇರೋದು ಮಾಮೂಲಿ ಮೊಬೈಲು, ಬೆಳಗಿನ ಬೆಳಕು, ಒಂದು ಕರಿ ಕಂಬಳಿ. ಹೇಗೆ ತೆಗೆಯೋದು, ಯಾಕೆ ತೆಗೆಯೋದು ಎರಡೂ ಬರೀತೀನಿ.

ನಮ್ಮ ಸೀಮೇಲಿ ಬೆಳಕಿಗೆ ಬರ ಇಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಂತಿರೋದೇ ಈ ಬಿಸಿಲನ್ನ ನಂಬಿ. ಆದ್ರೆ ನಡುಮಧ್ಯಾಹ್ನದ ಬಿಸಿಲು ಹೂವಿನ ಫೋಟೋಗೆ ಆಗಲ್ಲ. ದಾಳಿಂಬೆ ಹೂವು ಬರೀ ಕೆಂಪು ಮುದ್ದೆ ಆಗ್ತದೆ, ಎಸಳಿನ ಸುಕ್ಕು ಕಾಣಲ್ಲ. ಬೆಳಿಗ್ಗೆ 7ರಿಂದ 8.30ರ ಒಳಗೆ, ಬೆಳಕು ಓರೆಯಾಗಿ ಬೀಳೋವಾಗ ತೆಗೀಬೇಕು. ಮೋಡದ ದಿನ ಯಾವ ಹೊತ್ತಾದ್ರೂ ಸರಿ.

ಕಂಬಳಿನ ಹೂವಿಗೆ ಅಂಟಿಸಿ ಹಿಡೀಬಾರದು. ಮೂರು ನಾಲ್ಕು ಅಡಿ ಹಿಂದೆ, ನೆರಳಲ್ಲಿ, ಎರಡು ಕೋಲಿಗೆ ಕಟ್ಟಿ. ಹೂವಿಗೆ ಬೆಳಕು, ಕಂಬಳಿಗೆ ನೆರಳು, ಇದೇ ಗುಟ್ಟು. ಮಲ್ಚಿಂಗ್ ಶೀಟೂ ಕಪ್ಪೇ, ಆದ್ರೆ ಮಿಂಚ್ತದೆ, ಫೋಟೋದಲ್ಲಿ ಬೂದಿ ಬಣ್ಣ ಬರ್ತದೆ. ಕರಿ ಕುರಿ ಉಣ್ಣೆ ಬೆಳಕನ್ನ ನುಂಗಿ ಕೂರ್ತದೆ. ಕಂಬಳಿ ಇಲ್ವಾ, ಉದುರಿದ ಹೂವನ್ನ ಕೊಟ್ಟಿಗೆ ಹೊಸ್ತಿಲ ಹತ್ರ ಹಿಡೀರಿ. ಒಳಗಿನ ಕತ್ತಲೇ ಹಿನ್ನೆಲೆ.

ಸುತ್ತ ಕಪ್ಪು ಜಾಸ್ತಿ ಇದ್ರೆ ಮೊಬೈಲು ಕತ್ತಲಾಗಿದೆ ಅಂದ್ಕೊಂಡು ತಾನೇ ಬೆಳಕು ಏರಿಸ್ತದೆ. ಅದಕ್ಕೆ ಪರದೆ ಮೇಲೆ ಹೂವನ್ನ ಮುಟ್ಟಿ, ಪಕ್ಕದಲ್ಲಿ ಬರೋ ಸೂರ್ಯನ ಗುರುತನ್ನ ಕೆಳಕ್ಕೆ ಎಳೀರಿ.

ಈಗ ಯಾಕೆ ಅನ್ನೋದು. ಕೊರಟಗೆರೆ ಕಡೆ ಸ್ನೇಹಿತರೊಬ್ಬರು ಫೋನ್ ಮಾಡಿ, ದಾಳಿಂಬೆ ಹೂವೆಲ್ಲ ಉದುರ್ತಾ ಐತೆ, ಮೂರನೇ ಸಲ ಔಷಧಿ ಹೊಡೀತೀನಿ ಅಂದ್ರು. ಒಂದು ದಿನ ತಡೀರಿ, ಉದುರಿದ ಹೂವನ್ನೂ ಗಿಡದಲ್ಲಿರೋ ಹೂವನ್ನೂ ಹೀಗೆ ಫೋಟೋ ತೆಗೆದು ಕಳಿಸಿ ಅಂದೆ. ಕಪ್ಪಿನ ಮುಂದೆ ಆಕಾರ ಎದ್ದು ಕಾಣ್ತು. ಉದುರಿದ್ದರಲ್ಲಿ ಹೆಚ್ಚಿನವು ಗಂಟೆ ಆಕಾರ, ಬುಡ ಸಣ್ಣ. ಅವು ಗಂಡು ಹೂವು, ಕಾಯಿ ಕಟ್ಟಲ್ಲ, ಉದುರೋದೇ ಅದರ ಧರ್ಮ. ಗಿಡದಲ್ಲಿ ನಿಂತಿದ್ದವು ಹೂಜಿ ಆಕಾರ, ಬುಡ ದಪ್ಪ. ಕಾಯಿ ಆಗೋದು ಅವೇ. ಆ ಸಲದ ಔಷಧಿ ದುಡ್ಡು ಅವರ ಜೇಬಲ್ಲೇ ಉಳೀತು, ಹೂವಿಗೆ ಬರೋ ಜೇನೂ ಉಳೀತು.

ಹಾಗಂತ ಉದುರೋದೆಲ್ಲ ಗಂಡು ಹೂವು ಅಂತ ಸುಮ್ನೆ ಕೂರಬೇಡಿ. ಹೂಜಿ ಆಕಾರದವೇ ಉದುರ್ತಾ ಇದ್ರೆ ನೀರು, ಗೊಬ್ಬರ, ಹುಳ ಮೂರನ್ನೂ ನೋಡಬೇಕು. ಹೂವನ್ನ ಕರಿ ಬಟ್ಟೆ ಮೇಲೆ ಕೊಡವಿ, ತಿಳಿಹಳದಿ ಥ್ರಿಪ್ಸ್ ನುಸಿ ಇದ್ರೆ ಓಡಾಡೋದು ಕಾಣ್ತದೆ. ಅದನ್ನೂ ಫೋಟೋ ತೆಗೆದು ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ‘ಏನೋ ರೋಗ ಬಂದೈತೆ ಸಾರ್’ ಅಂತ ಬಾಯಲ್ಲಿ ಹೇಳಿದ್ರೆ ಅವರಾದ್ರೂ ಏನು ಹೇಳಬೇಕು?

ಇದೇ ನೆಪದಲ್ಲಿ ಬದುವಿನ ತಂಗಡಿ, ತೊಗರಿ, ಹುಚ್ಚೆಳ್ಳು ಹೂವನ್ನೂ ತೆಗೆದಿದ್ದೀನಿ. ತೊಗರಿ ಹೂವಿನ ಬೆನ್ನ ಮೇಲೆ ಕೆಂಪು ಗೆರೆ ಇರ್ತವೆ, ನೋಡಿದ್ದೀರಾ? ವರ್ಷವೂ ಬಿತ್ತೋ ಬೆಳೆ, ನಿಂತು ನೋಡೋರು ಕಮ್ಮಿ.

ಮಧುಗಿರಿ, ಶಿರಾ ಕಡೆ ಈ ಸಲ ಹಸ್ತ ಬಹಾರ್‌ಗೆ ಬಿಟ್ಟಿರೋರು ಔಷಧಿ ಅಂಗಡಿಗೆ ಹೋಗೋ ಮುಂಚೆ ಉದುರಿದ ಹೂವು ಒಂದು ಬೊಗಸೆ ಆರಿಸಿ, ಗಂಡೆಷ್ಟು ಹೂಜಿಯೆಷ್ಟು ಎಣಿಸಿ. ಫೋಟೋ ಇಲ್ಲೇ ಹಾಕಿ, ಎಲ್ಲರೂ ಸೇರಿ ನೋಡೋಣ.