ಮೂರು ಸಾವಿರದಿಂದ ಹತ್ತು ಸಾವಿರಕ್ಕೆ

ಎಂಬತ್ತರ ದಶಕದ ತೀರ್ಥಹಳ್ಳಿಯಲ್ಲಿ ಬಾಡಿಗೆ ಕಾರೆಂದರೆ ಅಂಬಾಸಿಡರ್. ನಮ್ಮ ದೊಡ್ಡಪ್ಪನದೂ ಒಂದಿತ್ತು, 1489 ಸಿಸಿ ಪೆಟ್ರೋಲ್ ಎಂಜಿನ್ನಿನದು. ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ, ಇತ್ತ ಶಿವಮೊಗ್ಗಕ್ಕೆ, ಮದುವೆ ಸುಗ್ಗಿಯಲ್ಲಿ ಶೃಂಗೇರಿ, ಧರ್ಮಸ್ಥಳಕ್ಕೆ ಅದು ಓಡುತ್ತಿತ್ತು. ಎಂಜಿನ್ ಆಯಿಲ್ ಬದಲಿಸಲು ದೊಡ್ಡಪ್ಪನ ಲೆಕ್ಕ ಮೂರು ಸಾವಿರ ಕಿಲೋಮೀಟರು. ಮೀಟರಿನ ಕೇಬಲ್ ತುಂಡಾಗಿದ್ದರೆ ಬಾಡಿಗೆ ಪುಸ್ತಕ ತೆಗೆದು ಕೂಡಿಸುತ್ತಿದ್ದರು. ಲೆಕ್ಕ ತುಂಬಿರಲಿ ಬಿಡಲಿ, ಆಯುಧಪೂಜೆಯ ಹಿಂದಿನ ದಿನ ಹೊಸ ಎಣ್ಣೆ ಬೀಳಲೇಬೇಕಿತ್ತು.

ದೂರದ ಬಾಡಿಗೆ ಮುಗಿಸಿ ಬಂದ ಕೂಡಲೇ, ಎಂಜಿನ್ ಬಿಸಿಯಿರುವಾಗಲೇ ಆ ಕೆಲಸಕ್ಕೆ ಕೈಹಾಕುತ್ತಿದ್ದರು. ಬಿಸಿ ಎಣ್ಣೆ ತೆಳ್ಳಗಿರುತ್ತದೆ, ತಳದ ಕೊಳೆಯನ್ನೂ ಹೊತ್ತು ಇಳಿಯುತ್ತದೆ. ಅರ್ಧಕ್ಕೆ ಕತ್ತರಿಸಿದ ಸೀಮೆಎಣ್ಣೆ ಟಿನ್ ಅಡಿಗಿಟ್ಟು, ಸಂಪಿನ ಬೋಲ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ, ಕೊನೆಯ ಎರಡು ಸುತ್ತನ್ನು ಬೆರಳಿನಲ್ಲೇ ತಿರುಗಿಸಿ ಸರಕ್ಕನೆ ಕೈ ಹಿಂದೆಳೆದುಕೊಳ್ಳುತ್ತಿದ್ದರು. ಮೊದಲು ಕೈಬೆರಳಿನಷ್ಟು ದಪ್ಪದ ಕಪ್ಪು ಧಾರೆ, ಆಮೇಲೆ ದಾರದಷ್ಟು ಸಣ್ಣಗೆ, ಕೊನೆಗೆ ಹನಿ. ಹನಿ ನಿಲ್ಲುವ ತನಕ ಬೋಲ್ಟ್ ಹಾಕುತ್ತಿರಲಿಲ್ಲ. ಇಳಿದ ಎಣ್ಣೆಯಲ್ಲಿ ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ನೋಡುತ್ತಿದ್ದರು. ತರಿತರಿಯಾಗಿ ಸಿಕ್ಕರೆ ಬೇರಿಂಗ್ ಸವೆಯುತ್ತಿದೆ ಎಂದರ್ಥ. ಹಳೆ ಎಣ್ಣೆ ಕೊಟ್ಟಿಗೆಯ ತೊಲೆಗೆ ಗೆದ್ದಲು ಬಾರದಂತೆ ಬಳಿಯಲು, ಗಾಡಿಯ ಅಚ್ಚಿಗೆ, ಮನೆ ಕಟ್ಟುವವರ ಸೆಂಟ್ರಿಂಗ್ ಹಲಗೆಗೆ ಹೋಗುತ್ತಿತ್ತು. ಉಳಿದದ್ದು ಅಂಗಳದ ಮೂಲೆಗೆ. ಹತ್ತು ಮಾರು ದೂರದಲ್ಲಿ ಬಾವಿ ಇತ್ತು. ಆ ಬಗ್ಗೆ ಯಾರಿಗೂ ಯೋಚನೆ ಇರಲಿಲ್ಲ.

ಆ ಮೂರು ಸಾವಿರಕ್ಕೆ ಕಾರಣಗಳಿದ್ದವು. ಕಾರ್ಬುರೇಟರ್ ಎಂಜಿನ್ನಿಗೆ ಬೆಳಗ್ಗೆ ಚೋಕ್ ಎಳೆದರೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಹರಿಯುತ್ತದೆ. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಸಂಪಿಗೆ ಇಳಿಯುತ್ತದೆ. ಪೆಟ್ರೋಲಿನಲ್ಲಿ ಸೀಸ, ಡೀಸೆಲಿನಲ್ಲಿ ಬೇಕಾದಷ್ಟು ಗಂಧಕ. ಗಂಧಕ ಉರಿದು ನೀರಿನಂಶ ಸೇರಿದರೆ ಆಮ್ಲ. ಮಣ್ಣು ರಸ್ತೆಯ ಧೂಳನ್ನು ತಡೆಯಲು ಇದ್ದದ್ದು ತಳದಲ್ಲಿ ಎಣ್ಣೆ ತುಂಬಿದ ಹಳೆ ಮಾದರಿಯ ಏರ್ ಕ್ಲೀನರ್. ಎಣ್ಣೆಯೋ, ಎಷ್ಟೋ ಅಂಗಡಿಗಳಲ್ಲಿ ಬ್ಯಾರೆಲ್ಲಿನಿಂದ ಅಳೆದು ಕೊಡುವ ಲೂಸ್ ಎಣ್ಣೆ, 30 ಅಥವಾ 40ರ ಒಂದೇ ಗ್ರೇಡಿನದು: ಚಳಿಗೆ ಗಟ್ಟಿ, ಬಿಸಿಗೆ ನೀರು. ಇಷ್ಟರ ನಡುವೆ ದೊಡ್ಡಪ್ಪ ಕಟ್ಟುನಿಟ್ಟಾಗಿ ಎಣ್ಣೆ ಬದಲಿಸಿದ್ದು ಸರಿಯಾಗಿಯೇ ಇತ್ತು. ಹಾಗಿದ್ದೂ ಕೆಲವು ವರ್ಷಕ್ಕೊಮ್ಮೆ ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕಾಗುತ್ತಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಮುಂದೆ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು, 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು, 2020ರ ಏಪ್ರಿಲ್‌ನಿಂದ ಬಿಎಸ್ 6 ಇಂಧನದಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತು ಭಾಗಕ್ಕೆ ಇಳಿಯಿತು. ಎಣ್ಣೆಯೂ 5ಡಬ್ಲ್ಯು-30, 0ಡಬ್ಲ್ಯು-20 ಆಯಿತು. ಚಳಿಯಲ್ಲೂ ಥಟ್ಟನೆ ಹರಿಯುತ್ತದೆ, ಕಾದಾಗಲೂ ಪಸೆ ಬಿಡುವುದಿಲ್ಲ. ಹಾಗಾಗಿ ಇವತ್ತಿನ ಹೆಚ್ಚಿನ ಪೆಟ್ರೋಲ್ ಕಾರುಗಳ ಕೈಪಿಡಿಯಲ್ಲಿರುವುದು ಹತ್ತು ಸಾವಿರ ಕಿಲೋಮೀಟರು ಇಲ್ಲವೇ ಒಂದು ವರ್ಷ, ಯಾವುದು ಮೊದಲೋ ಅದು. ಈಗಲೂ ಮೂರು ಸಾವಿರಕ್ಕೇ ಬದಲಿಸುವವರು ದುಡ್ಡನ್ನೂ ಒಳ್ಳೆಯ ಎಣ್ಣೆಯನ್ನೂ ಹಾಳು ಮಾಡುತ್ತಿದ್ದಾರೆ. ಬಣ್ಣ ಕಪ್ಪಾಯಿತೆಂದು ಗಾಬರಿಯಾಗುವುದೂ ಬೇಡ. ಡೀಸೆಲ್ ಕಾರಿನಲ್ಲಿ ಹೊಸ ಎಣ್ಣೆ ಕೆಲವೇ ದಿನದಲ್ಲಿ ಕಪ್ಪಾಗುತ್ತದೆ; ಮಸಿಯನ್ನು ತನ್ನಲ್ಲಿ ತೇಲಿಸಿ ಹಿಡಿದುಕೊಳ್ಳುವುದು ಅದರ ಕೆಲಸ.

ಆದರೆ ಈ ಹತ್ತು ಸಾವಿರವನ್ನು ಬೆಂಗಳೂರಿನವರು ಕಣ್ಣುಮುಚ್ಚಿ ಹಿಡಿದುಕೊಂಡಿರುವುದು ನನಗೆ ಸರಿ ಕಾಣುವುದಿಲ್ಲ. ದೊಡ್ಡಪ್ಪನ ಕಾರು ಗಂಟೆಗೆ ಸರಾಸರಿ 40 ಕಿಲೋಮೀಟರು ಓಡುತ್ತಿತ್ತು ಎಂದಿಟ್ಟುಕೊಳ್ಳಿ. ಮೂರು ಸಾವಿರಕ್ಕೆ ಎಂಜಿನ್ ದುಡಿದದ್ದು 75 ಗಂಟೆ. ಸಿಲ್ಕ್ ಬೋರ್ಡಿನ ದಾರಿಯಲ್ಲಿ ಗಂಟೆಗೆ 20 ಸಿಕ್ಕರೆ ಹತ್ತು ಸಾವಿರಕ್ಕೆ 500 ಗಂಟೆ. ಸಿಗ್ನಲ್ಲಿನಲ್ಲಿ ನಿಂತಾಗ ಮೀಟರು ಓಡುವುದಿಲ್ಲ, ಎಂಜಿನ್ ಓಡುತ್ತಲೇ ಇರುತ್ತದೆ. ಇದು ನಮ್ಮ ರೈತರಿಗೆ ಯಾವತ್ತಿನಿಂದಲೋ ಗೊತ್ತು. ಟ್ರ್ಯಾಕ್ಟರಿನ ಎಣ್ಣೆಗೆ ಗಂಟೆ ಮೀಟರಿನ ಲೆಕ್ಕ. 250 ಗಂಟೆಗೊಮ್ಮೆ ಬದಲಿಸಿ ಎನ್ನುವ ಟ್ರ್ಯಾಕ್ಟರುಗಳು ಎಷ್ಟೋ ಇವೆ. ಕಾರಿನವರು ಮಾತ್ರ ಕಿಲೋಮೀಟರು ನೋಡುತ್ತಾರೆ.

ಇದಕ್ಕಿಂತ ಕೆಟ್ಟದ್ದು ಓಡದ ಕಾರಿನ ಕತೆ. ನಿವೃತ್ತರಾದ ನಮ್ಮ ಬಂಧುವೊಬ್ಬರ ಕಾರು ಮಾರುಕಟ್ಟೆ, ದೇವಸ್ಥಾನ ಬಿಟ್ಟು ಬೇರೆಡೆ ಹೋಗುತ್ತಿರಲಿಲ್ಲ. ಹತ್ತು ಸಾವಿರ ಆಗಲಿಲ್ಲವಲ್ಲ ಎಂದು ವರ್ಷಗಟ್ಟಲೆ ಎಣ್ಣೆ ಬದಲಿಸಲಿಲ್ಲ. ಎರಡು ಕಿಲೋಮೀಟರಿನ ಓಡಾಟದಲ್ಲಿ ಎಣ್ಣೆ ಪೂರಾ ಕಾಯುವುದೇ ಇಲ್ಲ. ಒಳಗೆ ಸೇರಿದ ನೀರು, ಪೆಟ್ರೋಲು ಆವಿಯಾಗದೆ ಅಲ್ಲೇ ಉಳಿಯುತ್ತವೆ. ಒಂದು ದಿನ ಆಯಿಲಿನ ಕೆಂಪು ದೀಪ ಹೊತ್ತಿತು. ಮೆಕ್ಯಾನಿಕ್ ವಾಲ್ವ್ ಕವರ್ ಬಿಚ್ಚಿದಾಗ ನಾನು ಪಕ್ಕದಲ್ಲಿದ್ದೆ. ಒಳಗಿದ್ದದ್ದು ಎಣ್ಣೆಯಲ್ಲ, ಕುದಿಸಿ ಆರಿಸಿದ ಜೋನಿಬೆಲ್ಲದಂಥ ಕಪ್ಪು ಮುದ್ದೆ. ಅದೇ ಸಂಪಿನ ಜಾಲರಿಗೂ ಮೆತ್ತಿಕೊಂಡು ಪಂಪಿಗೆ ಎಣ್ಣೆ ಏರದಂತಾಗಿ ಕ್ಯಾಮ್ ಸವೆದಿತ್ತು. ರಿಪೇರಿಗೆ ಕೊಟ್ಟ ದುಡ್ಡಿನಲ್ಲಿ ಹತ್ತಾರು ವರ್ಷದ ಎಣ್ಣೆ ಬರುತ್ತಿತ್ತು.

ಹೆದ್ದಾರಿಯಲ್ಲೇ ಹೆಚ್ಚು ಓಡುವ ಕಾರಿಗೆ ಹತ್ತು ಸಾವಿರ ಧಾರಾಳವಾಗಿ ಸಾಕು. ದಿನಾ ಟ್ರಾಫಿಕ್ಕಿನಲ್ಲಿ ನಿಲ್ಲುವ ಕಾರಿಗೆ ಐದರಿಂದ ಏಳು ಸಾವಿರದೊಳಗೆ ಬದಲಿಸುವುದು ಒಳ್ಳೆಯದು. ಎಷ್ಟೇ ಕಡಿಮೆ ಓಡಿದರೂ ವರ್ಷ ದಾಟಬಾರದು. ಗ್ರೇಡ್ ಕೈಪಿಡಿ ಹೇಳಿದ್ದೇ ಆಗಲಿ. ಹಳೆ ಕಾಲದ ದಪ್ಪ ಎಣ್ಣೆ ಹೊಸ ಎಂಜಿನ್ನಿಗೆ ಹಿತವಲ್ಲ. ಬಳಸಿದ ಎಣ್ಣೆ ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅದನ್ನು ಚರಂಡಿಗಾಗಲೀ ಮಣ್ಣಿಗಾಗಲೀ ಸುರಿಯಬೇಡಿ. ಇನ್ನು ಕೈಪಿಡಿಯಲ್ಲಿ ಧೂಳು, ಟ್ರಾಫಿಕ್, ಸಣ್ಣ ಓಡಾಟದಂಥ ಕಠಿಣ ಬಳಕೆಗೆಂದು ಬೇರೆ ಅವಧಿ ಕೊಟ್ಟಿರುತ್ತಾರೆ. ಮುಂದಿನ ಸರ್ವಿಸಿಗೆ ಬಿಡುವ ಮೊದಲು ಆ ಪುಟವನ್ನು ಹುಡುಕಿ ಓದಿ.